ಬಾಡಿಗೆ ಮನೆಯ ಗುಲಾಬಿ, ಡಿಸೆಂಬರ್ ಸಂತೆಯ ಮಾಲೆ

ತಂಗಿ, ನಿನ್ನ ಪ್ರಶ್ನೆ ಓದಿದೆ. ಸಾಗರದವಳು ಅಂತ ಬರೆದಿದ್ದೀಯಲ್ಲ, ನಾನು ತೀರ್ಥಹಳ್ಳಿ ಕಡೆಯವಳು. ಅದಕ್ಕೇ ನೀನು ಅಂತಲೇ ಬರೆಯುತ್ತೇನೆ, ತಪ್ಪು ತಿಳಿಯಬೇಡ. ಗಂಡನ ಕೆಲಸದ ಮೇಲೆ ಇಂಗ್ಲೆಂಡಿನ ಲಡ್ಲೋ ಹತ್ತಿರದ ಹಳ್ಳಿಗೆ ಬಂದಿದ್ದೀಯ. ಊರಿನ ಹಾಲ್‌ನಲ್ಲಿ ಡಿಸೆಂಬರ್‌ನಲ್ಲಿ ಕ್ರಿಸ್‌ಮಸ್ ಸಂತೆಯಂತೆ. ನಿನಗೂ ಒಂದು ಟೇಬಲ್ ಕೊಡುತ್ತೇವೆ, ಕೈಯಲ್ಲೇ ಮಾಡಿದ್ದು ಏನಾದರೂ ಇಡು, ಹಳೇ ಕಾಲದ ಥರ ಇದ್ದರೆ ಒಳ್ಳೆಯದು ಅಂದಿದ್ದಾರೆ. ಮನೆ ಹಿಂದೆ ಕಾಡು ಬೆಳೆದ ಹಾಗೆ ಬೆಳೆದ ಗುಲಾಬಿ ಇದೆ, ಅದನ್ನು ಕಡಿಯಲೋ ಬೇಡವೋ, ಇನ್ನೂ ನಾಲ್ಕು ಗಿಡ ನೆಡಲೋ ಬೇಡವೋ ಅಂತ ಕೇಳಿದ್ದೀಯ. ಜೊತೆಗೆ ಮೊಸರು, ಹೀಟಿಂಗ್, ಡ್ರೈವಿಂಗ್ ಲೈಸೆನ್ಸ್ ಬಗ್ಗೆಯೂ. ಕೊನೆಗೆ, 'ಇಲ್ಲಿಗೆ ಹೊಂದಿಕೊಳ್ಳಲು ಎಷ್ಟು ದಿನ ಬೇಕು ಅಕ್ಕಾ?'

ಸಣ್ಣಪುಟ್ಟದ್ದು ಮೊದಲು ಮುಗಿಸುತ್ತೇನೆ. ಊರಿನ ಲೈಸೆನ್ಸ್ ಇಲ್ಲಿ 12 ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಇಲ್ಲಿನದು ಮಾಡಿಸಿಕೋ. ಹಳ್ಳಿಯಲ್ಲಿ ಕಾರಿಲ್ಲದೆ ಆಗುವುದಿಲ್ಲ. ಮೊಸರಿಗೆ ಹೆಪ್ಪು ಹಾಕಿ ಓವನ್ ಒಳಗೆ ಲೈಟ್ ಮಾತ್ರ ಹಾಕಿ ಇಡು. ಹೀಟಿಂಗ್ ಬಿಲ್ ಬಗ್ಗೆ ಏನು ಹೇಳಲಿ, ಸ್ವೆಟರ್ ಹಾಕಿಕೋ. ಹೊಂದಿಕೊಳ್ಳುವ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ.

ನಾನು ಬಂದದ್ದೂ ಚಳಿಗಾಲದಲ್ಲೇ. ಸಂಜೆ ನಾಲ್ಕಕ್ಕೆಲ್ಲ ಕತ್ತಲು. ಬೀದಿಯಲ್ಲಿ ಹೊರಟರೆ ಬಾಗಿಲು ಬಾಗಿಲಿಗೂ ಹಸಿರೆಲೆಯ ದುಂಡು ಮಾಲೆ. ನಮ್ಮಲ್ಲಿ ಅಂಥ ಮಾಲೆ ಎಲ್ಲಿ ಇಡುತ್ತಾರೆ ಹೇಳು? ದೊಡ್ಡವರು ಸತ್ತಾಗ ಅವರ ಎದೆ ಮೇಲೆ, ಇಲ್ಲ ಸೈನಿಕರ ಸ್ಮಾರಕದ ಮುಂದೆ. ಇಡೀ ಬೀದಿಗೇ ಸೂತಕ ಬಂತಾ ಅಂತ ಎದೆ ಧಸಕ್ಕೆಂದಿತ್ತು. ಈಗ ಅದೇ ಮಾಲೆಯನ್ನು ನಾನೇ ಕಟ್ಟಿ ಮಾರುತ್ತೇನೆ. ನನ್ನ ಟೇಬಲ್ ಮೇಲೆ ಮೊದಲು ಖಾಲಿಯಾಗುವುದೂ ಅದೇ. ಜಂಬ ಅಂದುಕೊಂಡರೆ ಅಂದುಕೋ.

ನೀನೂ ಅದರಿಂದಲೇ ಶುರು ಮಾಡು. ದಂಡೆ ಕಟ್ಟಲು ಬರುತ್ತದೆ ತಾನೇ? ಹಾಗಾದರೆ ಮುಕ್ಕಾಲು ಕೆಲಸ ಕಲಿತ ಹಾಗೇ. ತಂತಿಯ ಬಳೆ ಸಿಗುತ್ತದೆ, ಅದಕ್ಕೆ ಒದ್ದೆ ಪಾಚಿ ಸುತ್ತಿ ಕಟ್ಟಬೇಕು. ಆಮೇಲೆ ಹಾಲಿ ಅನ್ನುವ ಮುಳ್ಳೆಲೆ ಗಿಡದ ಒಂದು ಎಸಳು, ಒಂದೆರಡು ಐವಿ ಬಳ್ಳಿಯ ಎಲೆ, ಫರ್ ಮರದ ಒಂದು ತುಂಡು ಟೊಂಗೆ ಸೇರಿಸಿ ಸಣ್ಣ ಹಿಡಿ ಮಾಡಿ ಬಳೆಯ ಮೇಲಿಟ್ಟು ತಂತಿಯನ್ನು ಎರಡು ಸುತ್ತು ಬಿಗಿ. ಮುಂದಿನ ಹಿಡಿ ಹಿಂದಿನದರ ತೊಟ್ಟನ್ನು ಮುಚ್ಚಬೇಕು, ದಂಡೆಯಲ್ಲಿ ಮಾಡುತ್ತೇವಲ್ಲ ಹಾಗೆ. ಬಾಳೆನಾರಿನ ಬದಲು ಕಬ್ಬಿಣದ ತಂತಿ, ಅಷ್ಟೇ ವ್ಯತ್ಯಾಸ. ಹಾಲಿ ಎಲೆಯ ಮುಳ್ಳು ಮಾತ್ರ ಬೆರಳನ್ನು ಬಿಡುವುದಿಲ್ಲ. ತಂತಿಯ ತುದಿಯನ್ನು ಪಾಚಿಯೊಳಗೆ ಮಡಚಿ ತುರುಕು. ಇಲ್ಲದಿದ್ದರೆ ಬಾಗಿಲಿನ ಬಣ್ಣ ಗೀಚುತ್ತದೆ, ಕೊಂಡವರು ಮುಂದಿನ ವರ್ಷ ಬರುವುದಿಲ್ಲ. ಮಾಲೆಗೆ ಕೆಂಪು ಬೇಕಲ್ಲ, ಅದು ನಿನ್ನ ಹಿತ್ತಲಲ್ಲೇ ಇದೆ. ನೀನು ಕಡಿಯಬೇಕು ಅಂದುಕೊಂಡಿರುವ ಗುಲಾಬಿಯಲ್ಲಿ ಗೊಂಚಲು ಗೊಂಚಲಾಗಿ ಸಣ್ಣ ಕೆಂಪು ಕಾಯಿ ಬಿಟ್ಟಿದೆಯಾ ನೋಡು. ಅಂಗಡಿಯ ಪ್ಲಾಸ್ಟಿಕ್ ಕಾಯಿಗೆ ಆ ಬಣ್ಣ ಬರುವುದಿಲ್ಲ.

ಕಿತ್ತಳೆ ಹಣ್ಣನ್ನು ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಹಚ್ಚಿ, ಬಟ್ಟೆಯಲ್ಲಿ ಒತ್ತಿ ರಸ ತೆಗೆದು, ಓವನ್‌ನಲ್ಲಿ 100 ಡಿಗ್ರಿಗೆ ಮೂರು ನಾಲ್ಕು ಗಂಟೆ ಒಣಗಿಸು. ಮಧ್ಯೆ ಮಧ್ಯೆ ಮಗುಚಬೇಕು. ಇಡೀ ಕಿತ್ತಳೆಗೆ ಲವಂಗ ಚುಚ್ಚಿ ರಿಬ್ಬನ್ ಕಟ್ಟುವುದೂ ಇದೆ, ಪೊಮ್ಯಾಂಡರ್ ಅನ್ನುತ್ತಾರೆ. ದಬ್ಬಳದಲ್ಲಿ ಮೊದಲು ತೂತು ಮಾಡಿಕೋ, ಹೆಬ್ಬೆರಳು ಉಳಿಯುತ್ತದೆ. ಲವಂಗವನ್ನು ಸೂಪರ್‌ಮಾರ್ಕೆಟ್‌ನ ಸಣ್ಣ ಡಬ್ಬಿಯಲ್ಲಿ ಕೊಳ್ಳಬೇಡ, ನಮ್ಮವರ ಅಂಗಡಿಯಲ್ಲಿ ದೊಡ್ಡ ಪ್ಯಾಕೆಟ್ ಸಿಗುತ್ತದೆ. ಕಿಟಕಿ ಹತ್ತಿರ ತೇವ ಇದ್ದರೆ ಎರಡಕ್ಕೂ ಬೂಷ್ಟು ಹಿಡಿಯುತ್ತದೆ. ಹೀಟರ್ ಹತ್ತಿರ ಇಡು.

ಹಳೇ ಕಾಲದ ಥರ ಅಂದರೆ ಇವರ ಮನಸ್ಸಿನಲ್ಲಿ ಇರುವುದು ಮುಖ್ಯವಾಗಿ ವಿಕ್ಟೋರಿಯಾ ರಾಣಿಯ ಕಾಲ. ಹೆನ್ರಿ ಕೋಲ್ ಅನ್ನುವ ಸರ್ಕಾರಿ ಅಧಿಕಾರಿ ಮೊದಲ ಕ್ರಿಸ್‌ಮಸ್ ಕಾರ್ಡ್ ಮಾಡಿಸಿದ್ದು 1843ರಲ್ಲಿ. ರಾಣಿ, ಅವಳ ಗಂಡ ಆಲ್ಬರ್ಟ್, ಮಕ್ಕಳು ಕ್ರಿಸ್‌ಮಸ್ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಬಂದದ್ದು 1848ರಲ್ಲಿ. ಆಮೇಲೆ ಅನುಕೂಲ ಇದ್ದವರ ಮನೆಯಲ್ಲೆಲ್ಲ ಮರ ಬಂತು. ಎರಡು ತುದಿ ಹಿಡಿದು ಎಳೆದರೆ ಪಟ್ ಅನ್ನುವ ಕಾಗದದ ಕ್ರ್ಯಾಕರ್ ಕೂಡ ಅದೇ ರಾಣಿಯ ಕಾಲದ್ದು, ಟಾಮ್ ಸ್ಮಿತ್ ಅನ್ನುವ ಲಂಡನ್ ಮಿಠಾಯಿಗಾರನದು. ಆದ್ದರಿಂದ ಕಾಗದದ ಸರ, ಕಾಗದದ ನಕ್ಷತ್ರ, ಹತ್ತಿಯ ಹಕ್ಕಿ, ಬಟ್ಟೆ ಕ್ಲಿಪ್ಪಿನ ದೇವತೆ ಏನು ಮಾಡಿದರೂ ಸ್ವಲ್ಪ ಮಾಸಿದ ಬಣ್ಣ ಇರಲಿ. ಬಿಳಿ ಕಾಗದವನ್ನು ಗಟ್ಟಿ ಟೀ ಡಿಕಾಕ್ಷನ್‌ನಲ್ಲಿ ಅದ್ದಿ ಒಣಗಿಸಿದರೆ ಒಂದೇ ರಾತ್ರಿಯಲ್ಲಿ ನೂರು ವರ್ಷ ಹಳೆಯದಾಗುತ್ತದೆ!

ಒಂದು ಮಾತ್ರ ನನ್ನಿಂದ ಇವತ್ತಿಗೂ ಆಗುವುದಿಲ್ಲ. ಹಳೇ ಪುಸ್ತಕದ ಹಾಳೆ ಹರಿದು ನಕ್ಷತ್ರ ಮಡಚುತ್ತಾರೆ ಇಲ್ಲಿ, ತುಂಬಾ ಚೆನ್ನಾಗಿ ಕಾಣುತ್ತದೆ. ಪುಸ್ತಕಕ್ಕೆ ಕಾಲು ತಾಗಿದರೆ ಕಣ್ಣಿಗೆ ಒತ್ತಿಕೊಳ್ಳುವವರು ನಾವು, ಕತ್ತರಿ ಹಾಕುವುದು ಹೇಗೆ? ನಾನು ಹಳೇ ಗೋಡೆ ಕಾಗದದ ತುಂಡು ತಂದು ಮಡಚುತ್ತೇನೆ. ನಿನ್ನ ಮನಸ್ಸು ನಿನ್ನದು.

ಟೆನ್‌ಬರಿ ವೆಲ್ಸ್ ಅನ್ನುವ ಪೇಟೆ ನಿನಗೆ ಕಾರಿನಲ್ಲಿ ಅರ್ಧ ಗಂಟೆಯೊಳಗಿನ ದಾರಿ. ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಅಲ್ಲಿ ಹಾಲಿ ಮತ್ತು ಮಿಸಲ್‌ಟೋ ಹರಾಜು ನಡೆಯುತ್ತದೆ. ಸುಮ್ನೆ ನೋಡಲಾದರೂ ಹೋಗು. ಮಿಸಲ್‌ಟೋ ಅಂದರೆ ನಮ್ಮ ಮಾವಿನ ಮರ ಹಿಡಿಯುವ ಬದನಿಕೆಯ ಜಾತಿಯೇ. ಈ ಸೀಮೆಯಲ್ಲಿ ಸೇಬಿನ ಮರದ ಮೇಲೆ ಬೆಳೆಯುತ್ತದೆ. ನಮ್ಮಪ್ಪ ದೋಟಿ ಹಿಡಿದು ಎಳೆದೆಳೆದು ಬಿಸಾಕುತ್ತಿದ್ದರು. ಇಲ್ಲಿ ಅದನ್ನೇ ಕಂತೆ ಕಟ್ಟಿ ಸಾಲಾಗಿ ನೆಲದ ಮೇಲಿಟ್ಟು ಕೂಗಿ ಕೂಗಿ ಮಾರುತ್ತಾರೆ. ಅದರ ಬಿಳಿ ಹಣ್ಣು ವಿಷ, ಮಕ್ಕಳ ಕೈಗೆ ಸಿಗದಂತೆ ಎತ್ತರದಲ್ಲಿ ಕಟ್ಟು.

ದುಡ್ಡಿನ ವಿಷಯ. ಗಂಡನ ಸ್ಕಿಲ್ಡ್ ವರ್ಕರ್ ವೀಸಾದ ಮೇಲೆ ಡಿಪೆಂಡೆಂಟ್ ಆಗಿ ಬಂದಿದ್ದರೆ ನೀನು ಸ್ವಂತ ವ್ಯಾಪಾರ ಮಾಡಬಹುದು. ಸ್ಟೂಡೆಂಟ್ ವೀಸಾದವರು ಮಾಡುವಂತಿಲ್ಲ, ಯಾರಾದರೂ ಗೆಳತಿಯನ್ನು ಸೇರಿಸಿಕೊಳ್ಳುವ ಮೊದಲು ಕೇಳಿ ನೋಡು. ವರ್ಷಕ್ಕೆ 1,000 ಪೌಂಡ್‌ವರೆಗಿನ ಇಂಥ ಆದಾಯಕ್ಕೆ ತೆರಿಗೆಯವರ ಕಾಟ ಇಲ್ಲ. ಆಟಿಕೆ ಥರ ಕಾಣುವ ಬೊಂಬೆ ಮಾಡಬೇಡ, ಆಟಿಕೆಯ ಸುರಕ್ಷತಾ ನಿಯಮ ಕೈಯಲ್ಲಿ ಮಾಡಿದ್ದಕ್ಕೂ ಇದೆ. ಬೆಲೆ ಬರೆದು ಅಂಟಿಸು, ಇವರು ಚೌಕಾಸಿ ಮಾಡುವುದಿಲ್ಲ. 'ಲವ್ಲಿ, ಲವ್ಲಿ' ಅಂತ ಮುಟ್ಟಿ ನೋಡಿ ಮುಂದೆ ಹೋಗುತ್ತಾರೆ. ಅದಕ್ಕೆ ಬೇಜಾರು ಮಾಡಿಕೊಂಡು ಬೆಲೆ ಇಳಿಸಬೇಡ. ಚಿಲ್ಲರೆ ಜಾಸ್ತಿ ಇಟ್ಟುಕೋ.

ಈಗ ಗುಲಾಬಿ. ಇದನ್ನು ಬರೆಯಬೇಕು ಅಂತಲೇ ಕೂತಿದ್ದು.

ಈಗ ಕಡಿಯಬೇಡ. ನೀನು ಹೇಳಿದ್ದನ್ನು ನೋಡಿದರೆ ಅದು ರ‍್ಯಾಂಬ್ಲರ್ ಅನ್ನುವ ಹಬ್ಬುವ ಗುಲಾಬಿ ಇರಬೇಕು. ಉದ್ದ ಬಳುಕುವ ಕಡ್ಡಿ, ಬುಡದಿಂದ ವರ್ಷ ವರ್ಷ ಹೊಸದು ಬರುತ್ತದೆ, ಸಣ್ಣ ಹೂವಿನ ದೊಡ್ಡ ಗೊಂಚಲು, ವರ್ಷಕ್ಕೆ ಒಂದೇ ಸಲ, ಜೂನ್ ಜುಲೈಯಲ್ಲಿ. ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕಡ್ಡಿಯಲ್ಲಿ. ನಮ್ಮೂರಿನ ಲೆಕ್ಕದಲ್ಲಿ ಚಳಿಯಲ್ಲಿ ಬೋಳಿಸಿದರೆ ಬರುವ ಜೂನ್‌ನಲ್ಲಿ ಬರೀ ಎಲೆ. ಕತ್ತರಿ ಹಾಕುವುದಾದರೆ ಹೂ ಮುಗಿದ ಮೇಲೆ, ಬೇಸಿಗೆಯ ಕೊನೆಗೆ, ಹಳೇ ಕಡ್ಡಿಯಲ್ಲಿ ಮೂರಕ್ಕೊಂದು ಬುಡಕ್ಕೆ ತೆಗೆ. ಆದರೆ ಕಾಯಿ ಬೇಕಾದ ಕಡ್ಡಿಯನ್ನು ಹಾಗೇ ಬಿಡು, ಮಾಲೆಗೆ ಆಗುತ್ತದೆ. ಮೊದಲು ಹಕ್ಕಿ ಗೂಡು ಇದೆಯಾ ನೋಡು. ಮರಿ ಇರುವ ಗೂಡು ಕೆಡಿಸುವುದು 1981ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ರ‍್ಯಾಂಬ್ಲರ್‌ಗೆ ಮನಸ್ಸು ಬಂದರೆ ಎಷ್ಟು ಬೆಳೆಯುತ್ತದೆ ಅಂತ ನೋಡಬೇಕಾ? ಚಿಪ್ಪಿಂಗ್ ಕ್ಯಾಂಪ್‌ಡನ್ ಹತ್ತಿರ ಕಿಫ್ಟ್ಸ್‌ಗೇಟ್ ತೋಟ ಇದೆ. ಅಲ್ಲಿ 1938ರಲ್ಲಿ ತಂದ ಒಂದು ಬಿಳಿ ಗುಲಾಬಿ ದೊಡ್ಡ ಮರವನ್ನೇ ಹತ್ತಿ ಕೂತಿದೆ. ಖರ್ಚಿಲ್ಲದೆ ನೋಡಬೇಕಾದರೆ ಆಲ್‌ಬ್ರೈಟನ್‌ನಲ್ಲಿ ಡೇವಿಡ್ ಆಸ್ಟಿನ್ ಗುಲಾಬಿ ತೋಟ, ನಿಮ್ಮ ಶ್ರಾಪ್‌ಶೈರ್‌ನಲ್ಲೇ. ಟಿಕೆಟ್ ಇಲ್ಲ.

ಇನ್ನೂ ನಾಲ್ಕು ಗಿಡ ನೆಡುವ ಮಾತು. ನೆಲಕ್ಕೆ ನೆಡಬೇಡ, ತಂಗಿ. ಬಾಡಿಗೆ ಮನೆ ಅಲ್ವಾ?

ನಮ್ಮ ಮೊದಲ ಮನೆಯೂ ಬಾಡಿಗೆಯದೇ. ಕಲ್ಲಿನ ಹಳೇ ಕಾಟೇಜ್, ಹಿಂದೆ ಒಂದು ಮುದಿ ಸೇಬಿನ ಮರ. ಗಿಡ ನೆಡಬಹುದಾ ಅಂತ ಏಜೆಂಟನ್ನು ಫೋನಿನಲ್ಲಿ ಕೇಳಿದೆ, ಧಾರಾಳವಾಗಿ ನೆಡಿ ಅಂದ. ಗೋಡೆಗೆ ಆಲ್ಬರ್ಟೈನ್ ಅನ್ನುವ ಗುಲಾಬಿ ಹಬ್ಬಿಸಿದೆ, ಸೇಬಿನ ಮರಕ್ಕೆ ರ‍್ಯಾಂಬ್ಲಿಂಗ್ ರೆಕ್ಟರ್ ಅನ್ನುವ ಇನ್ನೊಂದು ಗುಲಾಬಿ. ಕುದುರೆ ಗೊಬ್ಬರ ಚೀಲಗಟ್ಟಲೆ ಹೊತ್ತಿದ್ದೇನೆ. ಆಲ್ಬರ್ಟೈನ್ ಮೊಗ್ಗು ತಾಮ್ರದ ಬಣ್ಣ, ಅರಳಿದರೆ ಗುಲಾಬಿ, ಮುಳ್ಳು ಮಾತ್ರ ಕೊಕ್ಕೆ ಥರ. ರೆಕ್ಟರ್ ಮರದ ತುದಿ ಮುಟ್ಟಿದ ವರ್ಷ ಅಡುಗೆಮನೆಯ ಕಿಟಕಿ ತೆಗೆದರೆ ಒಳಗೆಲ್ಲ ಪರಿಮಳ. ದಾರಿಯಲ್ಲಿ ನಾಯಿ ಹಿಡಿದು ಹೋಗುವವರು ನಿಂತು ಮಾತಾಡಿಸತೊಡಗಿದರು. ಅಲ್ಲಿವರೆಗೆ ಬರೀ ತಲೆ ಆಡಿಸಿ ಹೋಗುತ್ತಿದ್ದವರು.

ಆಮೇಲೆ ಮಾಲೀಕರು ಮನೆ ಮಾರುತ್ತೇವೆ ಅಂತ ಎರಡು ತಿಂಗಳ ನೋಟಿಸ್ ಕೊಟ್ಟರು. ಗಿಡ ಅಗೆದು ಒಯ್ಯುತ್ತೇನೆ ಅಂದೆ. ಆಗುವುದಿಲ್ಲ ಅಂದರು. ಕಾನೂನೂ ಅವರ ಕಡೆಗೇ. ನೆಲಕ್ಕೆ ನೆಟ್ಟದ್ದು ನೆಲದ ಯಜಮಾನನದು, ಕುಂಡದಲ್ಲಿ ಇದ್ದದ್ದು ಮಾತ್ರ ನಮ್ಮದು. ಕೊಂಡವರು ಬಂದ ವರ್ಷವೇ ಸೇಬಿನ ಮರ ಸಮೇತ ಎಲ್ಲ ಕಿತ್ತು ಜಲ್ಲಿ ಹಾಕಿಸಿ ಕಾರು ನಿಲ್ಲಿಸುವ ಜಾಗ ಮಾಡಿದರು. ಅವರ ಮನೆ, ಅವರ ಇಷ್ಟ. ಆದರೂ ಆ ದಾರಿಯಲ್ಲಿ ಇವತ್ತಿಗೂ ನಾನು ಹೋಗುವುದಿಲ್ಲ, ಸುತ್ತಿ ಹೋಗುತ್ತೇನೆ.

ಗಿಡ ಹೋದದ್ದಕ್ಕಿಂತ ಜಾಸ್ತಿ ಕೊರೆಯುವುದು ಬೇರೆ. ಅಮ್ಮ ಬಂದಾಗೆಲ್ಲ ಡಿಸೆಂಬರ್‌ನಲ್ಲೇ ಬಂದಳು. ಆಗ ತಾನೇ ಮಕ್ಕಳಿಗೂ ನಮಗೂ ರಜ. ಅವಳಿಗೋ ಅಡಿಕೆ ಕೊಯ್ಲಿನ ಹೊತ್ತು, ಬೈದುಕೊಂಡೇ ವಿಮಾನ ಹತ್ತುತ್ತಿದ್ದಳು. ಇಲ್ಲಿ ಗೋಡೆ ಮೇಲೆ ಒಣಗಿದ ಮುಳ್ಳು ನೋಡಿ, 'ಇದನ್ನ ಯಾಕೆ ಇಟ್ಕೊಂಡಿದ್ದೀಯೇ, ಕಿತ್ತು ಒಲೆಗೆ ಹಾಕು' ಅಂದಿದ್ದಳು. ಜೂನ್‌ನಲ್ಲಿ ಫೋಟೋ ಕಳಿಸಿದರೆ ಬಂದ ಪ್ರಶ್ನೆ ಒಂದೇ, 'ಮುಡಿಯಕ್ಕೆ ಬರುತ್ತಾ?' ಬರುವುದಿಲ್ಲ, ಕಿತ್ತ ಗಂಟೆಗೆ ಎಸಳು ಉದುರುತ್ತದೆ. ಈಗ ಅವಳಿಗೆ ಅಷ್ಟು ಹೊತ್ತು ವಿಮಾನದಲ್ಲಿ ಕೂರಲು ಮಂಡಿ ಬಿಡುವುದಿಲ್ಲ. ನಿನ್ನ ಅಮ್ಮನನ್ನು ಕರೆಸುವುದಾದರೆ ಕ್ರಿಸ್‌ಮಸ್ ದೀಪ ನೋಡಲಿ ಅಂತ ಡಿಸೆಂಬರ್‌ಗೆ ಟಿಕೆಟ್ ಮಾಡಬೇಡ. ದೀಪ ಅವರು ಊರಲ್ಲೇ ನೋಡಿದ್ದಾರೆ. ಜೂನ್‌ಗೆ ಕರೆಸು. ರಜ ಸಿಗದಿದ್ದರೆ ಹಗಲು ಒಬ್ಬರೇ ಇರಲಿ, ರಾತ್ರಿ ಒಂಬತ್ತೂವರೆವರೆಗೆ ಬೆಳಕಿರುತ್ತದೆ.

ಗಿಡ ಬೇಕೇ ಬೇಕು ಅಂದರೆ ದೊಡ್ಡ ಕುಂಡ ತಾ, ಅರ್ಧ ಮೀಟರ್ ಅಗಲದ್ದು. ಕುಂಡಕ್ಕೆ ರ‍್ಯಾಂಬ್ಲರ್ ಜಾಸ್ತಿಯಾಯಿತು, ಹಿಗ್ಗಲು ಜಾಗ ಇರುವುದಿಲ್ಲ. ಆದರೂ ನಿನ್ನ ಸ್ವಂತ ಮನೆ ಆಗುವವರೆಗೆ ಜೀವ ಹಿಡಿದುಕೊಂಡಿರುತ್ತದೆ. ಕೊಳ್ಳಬೇಕಾಗಿಯೂ ಇಲ್ಲ. ಪೆನ್ಸಿಲ್ ದಪ್ಪದ, ಈ ವರ್ಷ ಬೆಳೆದ ಕಡ್ಡಿ ಒಂದು ಗೇಣು ಮೇಲೆ ಉದ್ದ ಕತ್ತರಿಸಿ, ತುದಿಯ ಎಲೆ ಬಿಟ್ಟು ಉಳಿದದ್ದು ತೆಗೆದು, ಮರಳು ಬೆರೆಸಿದ ಮಣ್ಣಿನಲ್ಲಿ ಮೂರರಲ್ಲಿ ಎರಡು ಭಾಗ ಹೂತುಬಿಡು. ಈಗ ನೆಟ್ಟರೆ ಬರುವ ವರ್ಷ ಇಷ್ಟೊತ್ತಿಗೆ ಬೇರು ಬಂದಿರುತ್ತದೆ. ಮಧ್ಯೆ ಎಳೆದು ನೋಡಬೇಡ. ಮತ್ತೆ, ಕದ್ದು ತಂದ ಕಡ್ಡಿ ಚೆನ್ನಾಗಿ ಚಿಗುರುತ್ತದೆ ಅನ್ನುವುದೆಲ್ಲ ನಮ್ಮೂರಿಗೆ. ಇಲ್ಲಿ ಬೇಲಿಯಾಚೆ ಕೈ ಚಾಚಬೇಡ, ಕೇಳು. ಕೇಳಿದರೆ ಬಕೆಟ್ ತುಂಬ ಕೊಡುತ್ತಾರೆ.

ನಮ್ಮ ಈಗಿನ ಮನೆಯ ಹಿತ್ತಲಲ್ಲಿ ರೆಕ್ಟರ್ ಮತ್ತೆ ಶೆಡ್ಡಿನ ಮಾಡು ಹತ್ತಿದ್ದಾನೆ. ನವೆಂಬರ್ ಮುಗಿಯುವುದರೊಳಗೆ ಒಂದು ಭಾನುವಾರ ಬಾ, ಕಡ್ಡಿ ಕೊಡುತ್ತೇನೆ, ಮಾಲೆಗೆ ಕಾಯಿಯೂ ಕೊಡುತ್ತೇನೆ. ಕತ್ತರಿ ನನ್ನ ಹತ್ತಿರ ಇದೆ, ದಪ್ಪ ಗ್ಲೌಸ್ ನೀನೇ ತಾ. ಊರಿಂದ ತಂದ ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಉಳಿದಿದ್ದರೆ ಸಣ್ಣ ಬಾಟಲಿಯಲ್ಲಿ ಅದನ್ನೂ.