ದನಿ ಒಡೆಯುವ ವರ್ಷಕ್ಕೂ ಸ್ವಲ್ಪ ಹೆಮ್ಮೆ ಇಟ್ಟಿರಿ

(ಕಾಸರಗೋಡಿನ ಬದಿಯಡ್ಕದ ಕಡೆಯ ತಾಯಿಯೊಬ್ಬರ ಪತ್ರ. ಎಂಟನೆಯ ತರಗತಿಯ ಮಗ ಕೇರಳದ ಶಾಲಾಮಕ್ಕಳ ಕಲಾಸ್ಪರ್ಧೆಯಾದ ಕಲೋತ್ಸವದಲ್ಲಿ, ಉಪಜಿಲ್ಲಾ ಮಟ್ಟದ ಶಾಸ್ತ್ರೀಯ ಸಂಗೀತದಲ್ಲಿ ಎ ಗ್ರೇಡಿನೊಂದಿಗೆ ಪ್ರಥಮ ಬಂದು ಜಿಲ್ಲೆಗೆ ಹೊರಟಿದ್ದಾನೆ. ಅವನು ಹಾಡುವಾಗ ಹಿಂದಿನ ಸಾಲಿನಲ್ಲಿ ಕೂತು ಅತ್ತುಬಿಟ್ಟರಂತೆ. "ಅಷ್ಟು ಹೊಗಳಬೇಡ, ದೃಷ್ಟಿಯಾದೀತು, ತಲೆಗೂ ಏರೀತು" ಎಂದು ಮನೆಯ ಹಿರಿಯರು ಗದರಿದ್ದಾರೆ. ಹೆಮ್ಮೆ ಪಡುವುದು ತಪ್ಪೇ ಎಂಬುದು ಅವರ ಪ್ರಶ್ನೆ.)

ಪ್ರೀತಿಯ ಅಕ್ಕಾ,

ತಪ್ಪಲ್ಲ. ಅತ್ತದ್ದೂ ತಪ್ಪಲ್ಲ. ಆರು ವರ್ಷ ಪ್ರತಿ ಶನಿವಾರ ಬಸ್ಸು ಹತ್ತಿಸಿ ಪಾಠಕ್ಕೆ ಕರೆದೊಯ್ದವರು ನೀವು. ಮಾಯಾಮಾಳವಗೌಳ ರಾಗದ ಸರಳೆ, ಜಂಟಿ ವರಸೆ ಎಂಬ ಮೊದಲ ಪಾಠಗಳು ಅಡುಗೆಮನೆಯವರೆಗೂ ಕೇಳಿ ನಿಮಗೇ ಬಾಯಿಪಾಠವಾಗಿವೆ ಎಂದು ಬರೆದಿದ್ದೀರಿ. ಅಲ್ಲಿಂದ ಹೊರಟ ಹುಡುಗ ವೇದಿಕೆಯಲ್ಲಿ ಮೋಹನ ರಾಗಕ್ಕೆ ತಾನೇ ಸ್ವರ ಕಟ್ಟಿ ಹಾಡಿದ್ದನ್ನು ಕೇಳಿದರೆ ಕಣ್ಣು ತುಂಬದೆ ಇರುತ್ತದೆಯೇ? ತೀರ್ಪುಗಾರರು ಕೇಳಿದ್ದು ಆ ಕೆಲವು ನಿಮಿಷ. ನೀವು ಕೇಳಿದ್ದು ಆರು ವರ್ಷ.

ಹಿರಿಯರ ಮಾತನ್ನೂ ನಾನು ತಳ್ಳಿಹಾಕುವುದಿಲ್ಲ. 2019ರಲ್ಲಿ ಕಾಞಂಗಾಡಿನಲ್ಲಿ 60ನೆಯ ರಾಜ್ಯ ಕಲೋತ್ಸವ ನಡೆದಾಗ ನಾನು ಹೋಗಿದ್ದೆ. ಫಲಿತಾಂಶಕ್ಕೆ ಕಾಯುವ ತಂದೆತಾಯಿಯರ ಮುಖಗಳು ಮಕ್ಕಳ ಮುಖಗಳಿಗಿಂತ ಬಿಗಿದಿದ್ದವು. ಅತಿ ಹೆಚ್ಚು ಅಂಕ ಗಳಿಸಿದ ಹುಡುಗಿಗೆ, ಹುಡುಗನಿಗೆ ಹಿಂದೆ ಕೊಡುತ್ತಿದ್ದ ಕಲಾತಿಲಕ, ಕಲಾಪ್ರತಿಭೆ ಬಿರುದುಗಳನ್ನು ಕೈಬಿಟ್ಟದ್ದು ಒಳ್ಳೆಯದೇ ಆಯಿತು ಎಂದು ಅಂದು ಅನ್ನಿಸಿತು.

ಆದರೆ ನನಗೆ ನಿಮ್ಮೊಡನೆ ಹೇಳಬೇಕಾದದ್ದು ಬೇರೆ ಇದೆ. ನಿಮ್ಮ ಮಗನಿಗೆ ಈಗ ಹದಿಮೂರು. ಹೆಚ್ಚಾಗಿ 12ರಿಂದ 15ರೊಳಗೆ ಗಂಡುಮಕ್ಕಳ ಧ್ವನಿಪೆಟ್ಟಿಗೆ ಬೆಳೆಯುತ್ತದೆ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗುತ್ತವೆ, ದನಿ ಸುಮಾರು ಒಂದು ಸ್ಥಾಯಿಯಷ್ಟು, ಅಂದರೆ ಮೇಲಿನ ಷಡ್ಜದಿಂದ (ಸ) ಕೆಳಗಿನ ಷಡ್ಜದಷ್ಟು, ಕೆಳಗಿಳಿಯುತ್ತದೆ. ಐದೂವರೆ ಮನೆಯ ಎತ್ತರದ ಶ್ರುತಿಯಲ್ಲಿ ಸಲೀಸಾಗಿ ಮುಟ್ಟುತ್ತಿದ್ದ ಮೇಲಿನ ಷಡ್ಜ ಒಂದು ದಿನ ಇದ್ದಕ್ಕಿದ್ದಂತೆ ಒಡೆದುಹೋಗುತ್ತದೆ. ಇದು ಕಾಯಿಲೆಯಲ್ಲ, ಸೋಮಾರಿತನವೂ ಅಲ್ಲ. ಹಾಗಾದಾಗ ಹಳೆಯ ಶ್ರುತಿಗೇ ಹಟ ಹಿಡಿದು ಕಿರುಚಿಸಬಾರದು. ಶ್ರುತಿ ಇಳಿಸಿ, ದನಿಗೆ ಸುಖವಾದಲ್ಲಿ ಸ್ವಲ್ಪ ಹೊತ್ತು ಮಾತ್ರ ಅಭ್ಯಾಸ ಮಾಡಿಸಿದರೆ ಸಾಕು. ಉಳಿದ ಹೊತ್ತು ತಾಳ, ಲೆಕ್ಕ, ಕೇಳ್ಮೆ. ಗಂಟಲು ಬದಲಾಗುವಾಗಲೂ ಕಿವಿ ಕಲಿಯುತ್ತಲೇ ಇರುತ್ತದೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನೂ ಹಾಡುತ್ತಿದ್ದೆ. ನೆಂಟರು ಬಂದರೆ ಕಾಫಿಗೆ ಮೊದಲು ಚಾವಡಿಯಲ್ಲಿ ನನ್ನ ಹಾಡು. "ಒಂದು ಪದ ಹೇಳು ಮಗಾ" ಎನ್ನುವಾಗ ಅಮ್ಮನ ಮುಖ ಬೆಳಗುತ್ತಿತ್ತು. ಒಂಬತ್ತನೆಯ ತರಗತಿಯಲ್ಲಿ ದನಿ ಒಡೆಯಿತು. ಆಮೇಲೆ ಯಾರೂ ಹಾಡು ಎನ್ನಲಿಲ್ಲ. ಹುಡುಗನಿಗೆ ನೋವಾಗಬಾರದು ಎಂದು ಅವರು ಸುಮ್ಮನಿದ್ದದ್ದು, ಈಗ ಅರ್ಥವಾಗುತ್ತದೆ. ಆಗ ನನಗೆ ಅರ್ಥವಾದದ್ದು, ನನ್ನ ಹಾಡು ಇನ್ನು ಯಾರಿಗೂ ಬೇಡ ಎಂದು. ಎರಡು ವರ್ಷದಲ್ಲಿ ಹೊಸ ದನಿ ನೆಲೆಯಾಗುವ ಹೊತ್ತಿಗೆ ಶ್ರುತಿಪೆಟ್ಟಿಗೆ ಅಟ್ಟ ಸೇರಿತ್ತು.

ಆದ್ದರಿಂದ ಅಕ್ಕಾ, ಈಗ ಹೊಗಳಿ, ಬಾಯ್ತುಂಬ ಹೊಗಳಿ. ಹೊಗಳುವಾಗ ಗ್ರೇಡನ್ನಲ್ಲ, ನೀವು ಕೇಳಿದ್ದನ್ನು ಹೇಳಿ: "ಆ ಗಾಂಧಾರದಲ್ಲಿ ನಿಂತೆಯಲ್ಲ, ಅದು ಚೆನ್ನಾಗಿತ್ತು." ಮುಂದಿನ ವರ್ಷ ದನಿ ಕರ್ಕಶವಾದಾಗಲೂ ಎಂದಿನಂತೆ ಬೆಳಗ್ಗೆ ಎಬ್ಬಿಸಿ ಕೂರಿಸಿ, ಅಡುಗೆಮನೆಯಿಂದ ಕೇಳಿಸಿಕೊಳ್ಳಿ. ಕೇಳುತ್ತಿದ್ದೀರಿ ಎಂದು ಅವನಿಗೆ ಗೊತ್ತಾಗಲಿ.

ಜಿಲ್ಲೆಯಲ್ಲಿ ಏನೇ ಆದರೂ ನಮಗೆ ಬರೆಯಿರಿ. ನೀವು ಕಳುಹಿಸಿದ ಫೋಟೋವನ್ನು ಮುಂದಿನ ಸಂಚಿಕೆಯ ಮಕ್ಕಳ ಪುಟಕ್ಕೆ ತೆಗೆದಿಟ್ಟಿದ್ದೇವೆ. ಪತ್ರದಲ್ಲಿ ಪಾಠ ಹೇಳಿಕೊಟ್ಟ ಟೀಚರ ಹೆಸರಿಲ್ಲ. ದಯವಿಟ್ಟು ಕಳುಹಿಸಿಕೊಡಿ, ಫೋಟೋದ ಕೆಳಗೆ ಅದೂ ಇರಬೇಕು.

ಸಂಪಾದಕ