ಆಸ್ತಿ ವಹಿಯಲ್ಲಿ ಕಾಂಡ್ಲಾ ಕಾಡಿಗೂ ಒಂದು ಸಾಲು

ಯುದ್ಧ ಮುಗಿದ ಕರಾವಳಿ ಊರುಗಳು ದಡದ ಕಾಡು, ಜೌಗುಗಳನ್ನೂ ರಸ್ತೆ, ಕಟ್ಟಡಗಳಂತೆ ನಗರಸಭೆಯ ಆಸ್ತಿ ವಹಿಯಲ್ಲಿ ಬರೆದಿಡಬೇಕು ಎಂದು ನಾವು ಪ್ರಕಟಿಸಿದ ಲೇಖನ ಓದಿ ನೀವು ಸಿಟ್ಟಿನಿಂದಲೇ ಬರೆದಿದ್ದೀರಿ. "ಸೂರಿಲ್ಲದವರ ಊರಲ್ಲಿ ಕಾಂಡ್ಲಾ ಕಾಡು (ದಡದ ಉಪ್ಪುನೀರಲ್ಲಿ ಬೆಳೆಯುವ ಮ್ಯಾಂಗ್ರೋವ್), ಜೌಗು, ಮರಳ ದಿಬ್ಬಗಳ ಲೆಕ್ಕ ಬರೆಯಲು ನಗರಸಭೆಗೆ ಪುರುಸೊತ್ತು ಎಲ್ಲಿದೆ? ಮೊದಲು ಮನೆ, ನೀರು, ರಸ್ತೆ ಅಲ್ವಾ?" ಎಂದು ಕೇಳಿದ್ದೀರಿ.

ಮನೆ ಮೊದಲು ಬೇಕು, ಒಪ್ಪಿದೆ. ಆದರೆ ಆ ಮನೆಗೆ ಮರಳು ಎಲ್ಲಿಂದ ಬರುತ್ತದೆ? ದಡದ ದಿಬ್ಬದಿಂದ. ಒಡೆದ ಕಟ್ಟಡಗಳ ಕಲ್ಲುಮಣ್ಣು ಎಲ್ಲಿಗೆ ಹೋಗುತ್ತದೆ? ಹತ್ತಿರದ ಜೌಗಿಗೆ. ಪೈಪು ಒಡೆದಿದೆ ಎಂದು ಎಲ್ಲರೂ ಬೋರ್‌ವೆಲ್ ಕೊರೆದರೆ ಸಿಹಿನೀರಿನೊಳಗೆ ಉಪ್ಪುನೀರು ನುಗ್ಗುತ್ತದೆ. ಬಾಂಬು ಉಳಿಸಿದ್ದನ್ನು ಕಟ್ಟುವ ಅವಸರ ನುಂಗುತ್ತದೆ.

ವಿಯೆಟ್ನಾಂನ ಕಾನ್ ಜೋ ನೋಡಿ. 1960ರ ದಶಕದಲ್ಲಿ ಅಮೆರಿಕದ ವಿಮಾನಗಳು ಕಳೆನಾಶಕ ಸುರಿದು ಅಲ್ಲಿನ ಕಾಂಡ್ಲಾ ಕಾಡನ್ನು ಒಣಗಿಸಿದವು. ಯುದ್ಧ ಮುಗಿದಾಗ ಜನರಿಗೆ ಹೊಟ್ಟೆ ತುಂಬ ಅನ್ನವೂ ಇರಲಿಲ್ಲ. ಆದರೂ 1978ರಲ್ಲಿ ಆ ಪ್ರದೇಶ ತನ್ನ ಆಡಳಿತಕ್ಕೆ ಬಂದ ಕೂಡಲೇ ಹೋ ಚಿ ಮಿನ್ ನಗರ ಮತ್ತೆ ನೆಡಲು ಹೊರಟಿತು. ದಕ್ಷಿಣದ ತುದಿಯ ಕಾ ಮಾವ್‌ನಿಂದ ಬೀಜದ ಕೋಡು ತರಿಸಿತು. ಆಮೇಲೆ ಕಾಡು ಕಾಯುವ ಕೆಲಸವನ್ನು ಅಲ್ಲಿನ ಕುಟುಂಬಗಳಿಗೇ ಒಪ್ಪಿಸಿತು. 2000ದಲ್ಲಿ ಯುನೆಸ್ಕೊ ಅದನ್ನು ಜೀವಗೋಳ ಮೀಸಲು ಪ್ರದೇಶ ಎಂದು ಗುರುತಿಸಿತು. ಬಡತನ ಅಡ್ಡಿ ಅನ್ನುವವರಿಗೆ ನಾನು ಯಾವಾಗಲೂ ಈ ಕಾಡನ್ನೇ ತೋರಿಸುತ್ತೇನೆ.

ಮೊಜಾಂಬಿಕ್‌ನ ಬಂದರು ನಗರ ಬೈರಾ ತಡಮಾಡಿತು. ಅಂತರ್ಯುದ್ಧ 1992ರಲ್ಲೇ ಮುಗಿದಿತ್ತು. ಊರ ನಡುವೆ ಹರಿಯುವ ಚಿವೆವೆ ನದಿಯ ಹೂಳು, ಕಸ ತೆಗೆಯುವ ದೊಡ್ಡ ಕೆಲಸ ಶುರುವಾಗಲು ಮತ್ತೆ 20 ವರ್ಷಕ್ಕಿಂತ ಜಾಸ್ತಿ ಬೇಕಾಯಿತು. ಅಷ್ಟರಲ್ಲಿ ತಗ್ಗಿನಲ್ಲಿ ಎಷ್ಟು ಮನೆ ಎದ್ದಿದ್ದವು! ಪ್ರತಿ ಮಳೆಗೂ ಅವು ಮುಳುಗುತ್ತಿದ್ದವು.

ಲೆಕ್ಕ ಬರೆಯುವುದು ಸುಮ್ನೆ ಕಾಗದದ ಕೆಲಸ ಎಂದಿದ್ದೀರಲ್ಲ, ಅದು ನನಗೆ ಬೇಸರ ತಂದಿತು. 1991ರ ಕೊಲ್ಲಿ ಯುದ್ಧದ ಪರಿಸರ ಹಾನಿಗೆ ದೇಶಗಳು ವಿಶ್ವಸಂಸ್ಥೆಯ ಪರಿಹಾರ ಆಯೋಗದ ಮುಂದೆ ಕೇಳಿದ್ದು ಸುಮಾರು 8,500 ಕೋಟಿ ಡಾಲರ್. ಸಿಕ್ಕಿದ್ದು ಸುಮಾರು 530 ಕೋಟಿ. ಪುರಾವೆ ಸಾಲದು ಎಂಬುದು ಕಡಿತಕ್ಕೆ ಒಂದು ಕಾರಣ. ಯುದ್ಧಕ್ಕೆ ಮೊದಲು ದಡ ಹೇಗಿತ್ತು ಎಂದು ಬರೆದಿಡದವರು ಏನನ್ನು ತೋರಿಸಿ ಕೇಳಬೇಕು?

ಕೆನಡಾದ ಗಿಬ್ಸನ್ಸ್ ಯುದ್ಧ ಕಂಡ ಊರಲ್ಲ. ಸುಮಾರು 5 ಸಾವಿರ ಜನರ ಆ ಕರಾವಳಿ ಪಟ್ಟಣ 2014ರಲ್ಲಿ ತನ್ನ ಅಂತರ್ಜಲ, ಕೊಳ, ತೊರೆಗಳನ್ನು ರಸ್ತೆ, ಪೈಪುಗಳ ಸಾಲಿನಲ್ಲೇ ಊರ ಆಸ್ತಿ ಎಂದು ಒಪ್ಪಿಕೊಂಡಿತು. ಯುದ್ಧ ಮುಗಿದ ಊರಿಗೆ ಇದು ಇನ್ನೂ ಸುಲಭ. ನೆಲಬಾಂಬು ತೆಗೆಯಲು ದಡವನ್ನು ಹೇಗೂ ಅಡಿ ಅಡಿಯಾಗಿ ಅಳೆಯುತ್ತಾರೆ. ಆಗಲೇ ದಿಬ್ಬ, ತೊರೆ, ಕಾಡುಗಳನ್ನೂ ನಕ್ಷೆಗೆ ಏರಿಸಬಹುದು.

ನಿಮ್ಮ ಸಿಟ್ಟು ಜನರ ಮೇಲಿನ ಪ್ರೀತಿಯಿಂದ ಬಂದದ್ದು, ಅದಕ್ಕೇ ಇಷ್ಟು ಉದ್ದ ಬರೆದೆ. ಆದರೆ ಆ ಸಿಟ್ಟನ್ನು ನೆರವು ಕೊಡುವವರ ಮೇಲೆ ತಿರುಗಿಸಿ. ಕಡಲಿಗೆ ತಡೆಗೋಡೆ ಕಟ್ಟಲು ಅವರ ಬಳಿ ಹಣವಿದೆ. ಸಸಿ ನೆಟ್ಟು ಫೋಟೊ ತೆಗೆಸಲೂ ಇದೆ. ಐದನೇ ವರ್ಷ ಅದೇ ಸಸಿ ಕಾಯುವವನ ಸಂಬಳ ಕೇಳಿದರೆ ಯೋಜನೆ ಮುಗಿಯಿತು ಅನ್ನುತ್ತಾರೆ. ನಗರಸಭೆಯ ವಹಿಯಲ್ಲಿ ಆ ಕಾಡಿಗೆ ಸಾಲೇ ಇಲ್ಲದಿದ್ದರೆ ಬಜೆಟ್‌ನಲ್ಲಿ ಅವನ ಸಂಬಳಕ್ಕೆ ಜಾಗ ಎಲ್ಲಿಂದ ಬರಬೇಕು?