ಯಾವ ಕಂಪನಿ ಎನ್ನುವ ಮೊದಲು

ರಾಜಾಜಿನಗರದ ಓದುಗರೊಬ್ಬರ ಪತ್ರ: "ನನಗೆ 58. ಸಸ್ಯಾಹಾರಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ನುಂಗುತ್ತೇನೆ. ಮಂಡಿನೋವಿದೆ, ಕೂದಲು ಉದುರುತ್ತದೆ. ಮಗಳು ಮಲ್ಟಿವಿಟಮಿನ್, ಕ್ಯಾಲ್ಸಿಯಂ, ಕೂದಲಿಗೆಂದು ಬಯೋಟಿನ್ ತರಿಸಿದ್ದಾಳೆ. ಈಗಿನ ತರಕಾರಿಯಲ್ಲಿ ಸತ್ವ ಇಲ್ಲವಂತಲ್ಲ. ಮೂರನ್ನೂ ತೆಗೆದುಕೊಳ್ಳಲೇ? ಯಾವ ಕಂಪನಿಯದು ಒಳ್ಳೆಯದು?"

ಅಮ್ಮಾ, ಕಂಪನಿ ಯಾವುದು ಅಂತ ಕೇಳಿದ್ದೀರಿ. ನಿಮ್ಮ ಮೈಯಲ್ಲಿ ಏನು ಕಡಿಮೆಯಿದೆ ಎಂಬುದು ಮಾತ್ರ ಪತ್ರದಲ್ಲಿ ಎಲ್ಲೂ ಇಲ್ಲ. ತಪ್ಪು ನಿಮ್ಮದಲ್ಲ ಬಿಡಿ, ಅದನ್ನು ಕೇಳುವವರೇ ಈ ಊರಲ್ಲಿ ಕಡಿಮೆಯಾಗಿದ್ದಾರೆ. ಮೊನ್ನೆ ಗಾಂಧಿಬಜಾರಿನ ಹತ್ತಿರ ಮೆಡಿಕಲ್ ಶಾಪಿನಲ್ಲಿ ನಿಂತಿದ್ದೆ. ಕೊರಳಲ್ಲಿ ಆಫೀಸಿನ ಐಡಿ ಕಾರ್ಡು ನೇತುಹಾಕಿಕೊಂಡಿದ್ದ ಹುಡುಗನೊಬ್ಬ ಬಂದು "ತುಂಬಾ ಸುಸ್ತು, ಏನಾದ್ರೂ ಕೊಡಿ" ಎಂದ. ಕೌಂಟರಿನವನು ಕೇಳಿದ್ದು ಒಂದೇ ಪ್ರಶ್ನೆ: "30 ಮಾತ್ರೆಯ ವಿಟಮಿನ್ ಡಬ್ಬಿ ಕೊಡ್ಲಾ, 60ರದ್ದಾ? 60ರದ್ದಕ್ಕೆ ಆಫರ್ ಇದೆ ಸಾರ್." ಹುಡುಗ 60ರದ್ದೇ ಒಯ್ದ. ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀಯಪ್ಪ ಅಂತ ಯಾರೂ ಕೇಳಲಿಲ್ಲ.

ಮಾತ್ರೆಯೇ ಬೇಡ ಎನ್ನುವ ಹಠ ನನಗಿಲ್ಲ. ಗರ್ಭಿಣಿಯರಿಗೆ ಫೋಲಿಕ್ ಆಸಿಡ್ ಬೇಕೇ ಬೇಕು. ಬಿ12 ಸೊಪ್ಪು ಕಾಳುಗಳಲ್ಲಿ ಸಿಗುವುದಿಲ್ಲ; ಸಸ್ಯಾಹಾರಿಗಳು ಹಾಲು ಮೊಸರನ್ನೇ ನೆಚ್ಚಬೇಕು, ಅದು ಎಷ್ಟೋ ಜನರಿಗೆ ಸಾಲದು. ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ನುಂಗುವವರಲ್ಲಿ ಬಿ12 ಇನ್ನೂ ಇಳಿಯಬಹುದು. ಇಷ್ಟನ್ನು ಒಪ್ಪಿದೆ.

ಇನ್ನು ನನ್ನ ತಕರಾರು. ಬಿ, ಸಿ ವಿಟಮಿನ್ ಹೆಚ್ಚಾದರೆ ಬಹುಪಾಲು ಮೂತ್ರದಲ್ಲಿ ಹೋಗುತ್ತದೆ, ಜೊತೆಗೆ ನಿಮ್ಮ ದುಡ್ಡೂ. ಎ, ಡಿ ಹಾಗಲ್ಲ, ಮೈಯಲ್ಲೇ ಕೂರುತ್ತವೆ. ವಾರಕ್ಕೊಂದು ಎಂದು ಬರೆದುಕೊಟ್ಟ 60,000 ಯೂನಿಟ್ಟಿನ ಡಿ ವಿಟಮಿನ್ನನ್ನು ದಿನಕ್ಕೊಂದರಂತೆ ನುಂಗಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ ಮಾಡಿಕೊಳ್ಳುತ್ತಾ ಆಸ್ಪತ್ರೆ ಸೇರುವವರಿದ್ದಾರೆ. ಫಿನ್‌ಲೆಂಡಿನಲ್ಲಿ ಸಿಗರೇಟು ಸೇದುವ ಗಂಡಸರಿಗೆ ಬೀಟಾ ಕ್ಯಾರೋಟಿನ್ (ಮೈಯಲ್ಲಿ ಎ ವಿಟಮಿನ್ ಆಗುವ ಅಂಶ) ಮಾತ್ರೆ ಕೊಟ್ಟು ನೋಡಿದರು. ಶ್ವಾಸಕೋಶದ ಕ್ಯಾನ್ಸರ್ ತಗ್ಗೀತು ಎಂಬ ಆಸೆ. 1994ರಲ್ಲಿ ಫಲಿತಾಂಶ ಬಂದಾಗ ನೋಡಿದರೆ ಮಾತ್ರೆ ನುಂಗಿದವರಲ್ಲೇ ಅದು ಹೆಚ್ಚಾಗಿತ್ತು.

ತರಕಾರಿಯಲ್ಲಿ ಸತ್ವ ಇಲ್ಲ ಅಂದಿರಿ. ಮಾತ್ರೆ ಮಾರುವವರಿಗೆ ಬಲು ಪ್ರಿಯವಾದ ಮಾತು ಅದು! 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ನಿಮ್ಮ ವಯಸ್ಸಿನ ಹೆಂಗಸರಿಗೆ ದಿನಕ್ಕೆ ಬೇಕಾದದ್ದು 1,200. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಇನ್ನೂ ಚೆನ್ನಾಗಿ ಮೈಗೆ ಹತ್ತುತ್ತದೆ. ಮೇಲೊಂದು ಬಟ್ಟಲು ಮೊಸರು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂನಲ್ಲಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ತಳಿ ಬೆರೆಸಿ ಇಂಡಾಫ್ ಎಂಬ ಹೊಸ ತಳಿಗಳನ್ನು ಕೊಟ್ಟರು. ಅಂಥ ರಾಗಿ ಈಗ ಮಾಲ್‌ಗಳಲ್ಲಿ ಸಕ್ಕರೆ ಸುರಿದ ಕುಕೀಸ್ ಆಗಿ ಕೂತಿದೆ, ಮುದ್ದೆ ಕೋಲು ಅಟ್ಟ ಸೇರಿದೆ. ಸೊಪ್ಪಿನ ಸಾರು ಉಂಡ ಕೈ ಒಣಗುವ ಮೊದಲೇ ಸ್ಟ್ರಾಂಗ್ ಕಾಫಿ ಹೀರಿ, ಕಬ್ಬಿಣದಂಶ ಮೈಗೆ ಸೇರದಂತೆ ಮಾಡಿಕೊಳ್ಳುವವರೂ ನಾವೇ. ಒಂದು ಗಂಟೆ ತಡೆಯಿರಿ, ಪಲ್ಯಕ್ಕೆ ನಿಂಬೆಹಣ್ಣು ಹಿಂಡಿ.

ನಿಮ್ಮ ಡಬ್ಬಿಗಳ ವಿಷಯ. ಕ್ಯಾಲ್ಸಿಯಂ, ಕಬ್ಬಿಣ ಇರುವ ಯಾವುದೇ ಮಾತ್ರೆಯನ್ನು ಥೈರಾಯ್ಡ್ ಮಾತ್ರೆಯಾದ 4 ಗಂಟೆಯೊಳಗೆ ನುಂಗಬೇಡಿ. ಆ ಮಾತ್ರೆಯ ಕೆಲಸ ಕೆಡುತ್ತದೆ. ಮಲ್ಟಿವಿಟಮಿನ್ನಿನಲ್ಲೂ ಅವು ಇರುವುದುಂಟು, ಹಿಂಬದಿಯ ಸಣ್ಣ ಅಕ್ಷರ ಓದಿ. ಬಯೋಟಿನ್ ಇನ್ನೂ ತರಲೆ: ಹೆಚ್ಚು ಪ್ರಮಾಣದಲ್ಲಿ ತೆಗೆದುಕೊಂಡರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿ ತೋರಿಸಬಹುದು. ಕೂದಲು ಉದುರುವುದು ಥೈರಾಯ್ಡಿನಿಂದಲೇ ಇದ್ದರೆ ಏನು ಮಾಡುತ್ತೀರಿ?

ಇದನ್ನೆಲ್ಲ ಹೇಳಬೇಕಾದವನು ಪತ್ರಿಕೆಯ ಸಂಪಾದಕನಲ್ಲ. ಹಿಂದೆ ಬಡಾವಣೆಗೊಬ್ಬ ಡಾಕ್ಟರಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮನೇಲಿ ಏನು ಅಡುಗೆ?" ಎನ್ನುತ್ತಿದ್ದರು. ಅವರ ಕ್ಲಿನಿಕ್ಕಿದ್ದ ಜಾಗದಲ್ಲಿ ಈಗ ರಕ್ತ ತೆಗೆಯುವ ಸೆಂಟರು, ಪ್ಯಾಕೇಜಿನ ಬೋರ್ಡು. ರಿಪೋರ್ಟು ವಾಟ್ಸಾಪಿಗೆ ಬರುತ್ತದೆ, ಓದಿ ಹೇಳುವವರಿಲ್ಲ. ಕೆಂಪಕ್ಷರ ಕಂಡ ಕಡೆಗೆಲ್ಲ ಒಂದೊಂದು ಡಬ್ಬಿ. ರಾಜಾಜಿನಗರದಲ್ಲಿ ಅಂಥ ಡಾಕ್ಟರು ಯಾರಾದರೂ ಉಳಿದಿದ್ದರೆ ಎಲ್ಲ ಡಬ್ಬಿಗಳನ್ನೂ ಚೀಲಕ್ಕೆ ಹಾಕಿಕೊಂಡು ಹೋಗಿ ತೋರಿಸಿ. ಬಿ12, ಡಿ, ಹಿಮೋಗ್ಲೋಬಿನ್ ಪರೀಕ್ಷೆ ಬೇಕೇ ಅಂತ ಕೇಳಿ. ಅವರ ವಿಳಾಸ ನಮಗೂ ಕಳಿಸಿ, ನಮ್ಮ ಕಚೇರಿಯಲ್ಲೂ ಡಬ್ಬಿ ಹಿಡಿದು ಕೂತವರಿದ್ದಾರೆ.